ಕಂಕುಳಿನ ಗ್ರಂಥಿಗಳು: ಅಡ್ಯಾರ್ ಕಂಡ ಚಿಕಿತ್ಸೆಯ ದಾರಿ

ಸ್ತನದ ದುಗ್ಧರಸದಲ್ಲಿ ಬಹುಪಾಲು ಹರಿದು ಸೇರುವುದು ಕಂಕುಳಿನ ಗ್ರಂಥಿಗಳಿಗೆ. ಸ್ತನ ಕ್ಯಾನ್ಸರ್ ಹರಡತೊಡಗಿದರೆ ಸಾಮಾನ್ಯವಾಗಿ ಅದರ ಮೊದಲ ನೆಲೆಯೂ ಅದೇ. ಆದ್ದರಿಂದ ಎಷ್ಟು ಗ್ರಂಥಿಗಳಿಗೆ ರೋಗ ತಗುಲಿದೆ ಎಂಬುದನ್ನು ನೋಡಿಯೇ ವೈದ್ಯರು ಮುಂದಿನ ಚಿಕಿತ್ಸೆಯನ್ನು ಅಂದಾಜು ಮಾಡುತ್ತ ಬಂದಿದ್ದಾರೆ.

ಕ್ಯಾನ್ಸರ್ ಗಡ್ಡೆಯಿಂದ ಗ್ರಂಥಿಗೆ, ಗ್ರಂಥಿಯಿಂದ ಮುಂದಕ್ಕೆ ಹಂತಹಂತವಾಗಿ ಸಾಗುತ್ತದೆ ಎಂದು ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ ನಂಬಿದ್ದರು. 1894ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ ಸ್ತನ, ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೇ ತೆಗೆಯಲಾಗುತ್ತಿತ್ತು. ಮುಕ್ಕಾಲು ಶತಮಾನ ಇದೇ ನಡೆಯಿತು. ಬದುಕುಳಿದ ಎಷ್ಟೋ ಹೆಂಗಸರಿಗೆ, ಗ್ರಂಥಿಗಳನ್ನು ತೆಗೆದದ್ದರಿಂದ ಬಾತ ತೋಳು ಜೀವನಪೂರ್ತಿ ಉಳಿಯಿತು.

ಮದರಾಸಿನ ಕಥೆ ಶುರುವಾಗುವುದು ಬೇರೆ ಕಡೆಯಿಂದ. 1912ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದ ಡಾ. ಮುತ್ತುಲಕ್ಷ್ಮಿ ರೆಡ್ಡಿ 1923ರಲ್ಲಿ ತಂಗಿಯನ್ನು ಕ್ಯಾನ್ಸರ್‌ಗೆ ಕಳೆದುಕೊಂಡರು. ಕ್ಯಾನ್ಸರ್‌ಗೆಂದೇ ಆಸ್ಪತ್ರೆ ಬೇಕೆಂಬ ಅವರ ಹಟ ಕೈಗೂಡಲು ಮೂರು ದಶಕ ಹಿಡಿಯಿತು. 1952ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದರು. 1954ರಲ್ಲಿ ಮದರಾಸಿನ ಅಡ್ಯಾರ್ ಪ್ರದೇಶದಲ್ಲಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ 12 ಹಾಸಿಗೆಗಳೊಡನೆ ತೆರೆಯಿತು. ಅದನ್ನು ಕಟ್ಟಿ ಬೆಳೆಸಿದವರು ಮುತ್ತುಲಕ್ಷ್ಮಿಯವರ ಮಗ ಡಾ. ಎಸ್. ಕೃಷ್ಣಮೂರ್ತಿ ಮತ್ತು 1955ರಲ್ಲಿ ಬಂದು ಸೇರಿದ ಡಾ. ವಿ. ಶಾಂತಾ.

ಅಲ್ಲಿಗೆ ಬರುತ್ತಿದ್ದ ಹೆಂಗಸರಲ್ಲಿ ಹೆಚ್ಚಿನವರು ತಡವಾಗಿ ಬಂದವರು. ಗಡ್ಡೆ ದೊಡ್ಡದು, ಕಂಕುಳಿನ ಗ್ರಂಥಿಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿರುತ್ತಿದ್ದವು. ಇಂಥವರಿಗೆ ಮೊದಲೇ ಕತ್ತಿ ಹಾಕಿದರೆ ರೋಗ ಒಳಗೇ ಉಳಿಯುವ ಭಯ. ಅದಕ್ಕಾಗಿ ಮೊದಲು ವಿಕಿರಣ ಮತ್ತು ಕಿಮೋಥೆರಪಿಯನ್ನು ಒಟ್ಟಾಗಿ ಕೊಟ್ಟು, ರೋಗ ಕುಗ್ಗಿದ ಮೇಲೆ ಸ್ತನವನ್ನೂ ಗ್ರಂಥಿಗಳನ್ನೂ ತೆಗೆಯುವ ಕ್ರಮ ರೂಢಿಯಾಯಿತು. 1990ರಿಂದ 1999ರವರೆಗೆ ಹೀಗೆ ಚಿಕಿತ್ಸೆ ಪಡೆದ ಸಾವಿರಕ್ಕೂ ಹೆಚ್ಚು ರೋಗಿಗಳ ವಿಶ್ಲೇಷಣೆಯನ್ನು ಶಾಂತಾ ಮತ್ತು ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯ ವೇಳೆಗೆ ಅನೇಕರ ಗ್ರಂಥಿಗಳಲ್ಲಿ ರೋಗದ ಕುರುಹೇ ಉಳಿದಿರಲಿಲ್ಲ, ಅಂಥವರು ಹೆಚ್ಚು ಕಾಲ ಬದುಕಿದರು. ತಡವಾಗಿ ಬರುವ ರೋಗಿಗಳೇ ಈ ಆಸ್ಪತ್ರೆಗೆ ಇಂಥ ಪಾಠ ಕಲಿಸಿದರು ಎನ್ನಬಹುದು.

ಅಮೆರಿಕದಲ್ಲಿ ಪ್ರಶ್ನೆ ತಿರುವುಮುರುವಾಗಿತ್ತು: ಬೇಗ ಪತ್ತೆಯಾದವರಲ್ಲಿ ಎಷ್ಟನ್ನು ತೆಗೆಯದೆ ಬಿಡಬಹುದು? ಕೈಗೆ ಗ್ರಂಥಿ ಸಿಗದವರಲ್ಲಿ ಮೊದಲೇ ಕಂಕುಳನ್ನು ಬರಿದು ಮಾಡಿದರೂ ಆಯುಷ್ಯವೇನೂ ಹೆಚ್ಚದು ಎಂದು ಶಸ್ತ್ರವೈದ್ಯ ಬರ್ನಾರ್ಡ್ ಫಿಶರ್ 1971ರಲ್ಲಿ ಆರಂಭಿಸಿದ ಪ್ರಯೋಗ ತೋರಿಸಿತು. 1990ರ ದಶಕದಲ್ಲಿ ಅಲ್ಲಿನ ಇಬ್ಬರು ಶಸ್ತ್ರವೈದ್ಯರು, ಕ್ರ್ಯಾಗ್ ವಿಕಿರಣಶೀಲ ದ್ರವದಿಂದಲೂ ಜುಲಿಯಾನೊ ನೀಲಿ ಬಣ್ಣದಿಂದಲೂ, ದುಗ್ಧರಸ ಮೊದಲು ತಲುಪುವ ಸೆಂಟಿನೆಲ್ ಗ್ರಂಥಿಯನ್ನು ಗುರುತಿಸಿದರು. ಅದರಲ್ಲಿ ರೋಗವಿಲ್ಲದಿದ್ದರೆ ಉಳಿದವನ್ನು ಮುಟ್ಟಬೇಕಿಲ್ಲ. ಭಾರತದಲ್ಲಿ ಅಗ್ಗದ ಮೆಥಿಲೀನ್ ನೀಲಿಯೂ ಈ ಕೆಲಸಕ್ಕೆ ಬಂತು.

ಅಂಟಿಕೊಂಡ ಗ್ರಂಥಿಗಳಿಗೆ ಮಾತ್ರ ಈ ರಿಯಾಯಿತಿ ನೇರವಾಗಿ ಸಲ್ಲದು. ಮೊದಲು ಕಿಮೋಥೆರಪಿ, ಆಮೇಲೂ ರೋಗ ಉಳಿದಿದ್ದರೆ ಗ್ರಂಥಿಗಳ ಪೂರ್ಣ ತೆರವು ಎಂಬುದೇ ಇಂದಿಗೂ ಸಾಮಾನ್ಯ ಕ್ರಮ. ಹೆಚ್ಚು ಹರಡಿರದ ಕಡೆ, ಚಿಕಿತ್ಸೆಗೆ ಮುನ್ನವೇ ರೋಗವಿರುವ ಗ್ರಂಥಿಗೆ ಸಣ್ಣ ಲೋಹದ ಕ್ಲಿಪ್ ಇಟ್ಟು, ರೋಗ ಕುಗ್ಗಿದ ಮೇಲೆ ಆ ಗ್ರಂಥಿಯನ್ನೂ ಸೆಂಟಿನೆಲ್ ಗ್ರಂಥಿಗಳನ್ನೂ ತೆಗೆದು ಪರೀಕ್ಷಿಸುವ ವಿಧಾನ ಬಳಕೆಗೆ ಬಂದಿದೆ.