ಕೋವಿಯೊಳಗಿನ ಗುಂಡು: ಸಾವನದುರ್ಗದಿಂದ ರಾಮದೇವರಬೆಟ್ಟದವರೆಗೆ

ಕನಕಪುರ ತಾಲೂಕಿನ ಕಾಡಂಚಿನ ಹಳ್ಳಿಯೊಂದರಲ್ಲಿ, ಎಂಬತ್ತು ದಾಟಿದ ತಾತನ ಜಗುಲಿ ಮೇಲೆ ಕೂತಿದ್ದೆವು. ಕಾಡುಹಂದಿಗಳು ರಾಗಿ ಹೊಲ ತುಳಿದ ಸುದ್ದಿ ಬರೆಯಲು ಹೋದವರು ನಾವು. ಮಾತು ಹಳೇ ಕಾಲದ ಕೋವಿಗೆ ತಿರುಗಿತು. "ತಾತ, ಆವಾಗ ಕೋವಿ ತುಂಬ್ತಿದ್ದುದು ಹೆಂಗೆ?" ಅಂತ ಕೇಳಿದೆವು. ತಾತ ಊರುಗೋಲನ್ನೇ ನಳಿಗೆ ಮಾಡಿಕೊಂಡು ತೋರಿಸಿದರು.

"ಮೊದ್ಲು ಮದ್ದು. ಅದ್ರ ಮೇಲೆ ತೆಂಗಿನ ನಾರಿನ ಉಂಡೆ. ಗಜ ಹಾಕಿ ಜಡೀಬೇಕು. ಆಮೇಲೆ ಚರೆ, ಮತ್ತೆ ನಾರು. ಕೇಪು ಮಾತ್ರ ಕಡೇಗೆ ಕನ್ರಪ್ಪಾ, ಕಡೇಗೆ!"

ಕೇಪು ಅಂದರೆ ಕುದುರೆ ಬಡಿದಾಗ ಕಿಡಿ ಕೊಡುವ ಪುಟ್ಟ ತಾಮ್ರದ ಟೋಪಿ. ಅದನ್ನು ಮೊದಲೇ ಕೂರಿಸಿ ಮದ್ದು ಜಡಿಯಲು ಹೋದರೆ ಜಡಿಯುವವನ ಕೈಯೇ ಹೋಗುತ್ತದೆ. ಒಮ್ಮೆ ತುಂಬಿದ್ದನ್ನು ಮರೆತು ಇನ್ನೊಮ್ಮೆ ತುಂಬಿದರೆ ನಳಿಗೆಯೇ ಸಿಡಿಯುತ್ತದೆ. ಅದಕ್ಕೇ ತಿಳಿದವರು ತುಂಬುವ ಮುಂಚೆ ಗಜವನ್ನು ನಳಿಗೆಯೊಳಗೆ ಇಳಿಬಿಟ್ಟು, ಎಷ್ಟು ಆಳ ಹೋಯಿತು ಅಂತ ನೋಡುತ್ತಿದ್ದರು. ಗಜ ಪೂರಾ ಇಳಿಯದಿದ್ದರೆ ಒಳಗೆ ಏನೋ ಇದೆ ಅಂತಲೇ ಲೆಕ್ಕ.

ನಮ್ಮ ಸೀಮೆಗೆ ಮದ್ದುಗುಂಡಿನ ಪರಿಚಯ ಇವತ್ತಿನದಲ್ಲ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮಾಗಡಿಯ ಸಾವನದುರ್ಗಕ್ಕೆ ಮುತ್ತಿಗೆ ಹಾಕಿತು. ಆ ಬಂಡೆ ನೋಡಿದವರಿಗೆ ಗೊತ್ತು, ಬರಿಗೈಲಿ ಹತ್ತುವುದೇ ಕಷ್ಟ. ಆದರೂ ಭಾರೀ ತೋಪುಗಳಿಂದ ಗೋಡೆ ಒಡೆದು ಡಿಸೆಂಬರ್ 21ರಂದು ಟಿಪ್ಪುವಿನ ಕಾವಲು ಪಡೆಯಿಂದ ಕೋಟೆ ಕಿತ್ತುಕೊಂಡರು. ಬೆನ್ನಿಗೇ ರಾಮಗಿರಿ, ಅಂದರೆ ಈಗಿನ ರಾಮನಗರದ ಬೆಟ್ಟವೂ ಕೈಬಿಟ್ಟಿತು. ಶ್ರೀರಂಗಪಟ್ಟಣಕ್ಕೆ ಹೊರಟ ಇಂಗ್ಲಿಷರಿಗೆ ಕಾಳು ಕಡ್ಡಿ ಸಿಗಬಾರದೆಂದು ಟಿಪ್ಪು ಕಾನಕಾನಹಳ್ಳಿಯನ್ನೇ ಹಾಳುಗೆಡವಿಸಿದ. ಅದೇ ಇಂದಿನ ಕನಕಪುರ.

ಅಂದಿನ ಸಿಪಾಯಿಯ ಬಂದೂಕಿನ ಗುಂಡು ಗೋಲಿಯಂಥ ಸೀಸದ ಉಂಡೆ. ಸೀಸವೇ ಯಾಕೆ? ಒಲೆಯ ಬೆಂಕಿಗೇ ಕರಗುತ್ತದೆ, ಅಚ್ಚಿಗೆ ಹೊಯ್ಯಬಹುದು, ತೂಕವಿದೆ, ಮೆತ್ತಗಿರುವುದರಿಂದ ನಳಿಗೆ ಸವೆಸುವುದಿಲ್ಲ. ಇಷ್ಟು ಗುಣಗಳಿರುವ ಲೋಹವನ್ನು ಯಾರು ಬಿಟ್ಟಾರು? ಮುಂದೆ ಹಿತ್ತಾಳೆ ತೋಟಾ ಬಂತು, ಮದ್ದು ಬದಲಾಯಿತು, ಗುಂಡಿನ ಮೇಲೆ ತಾಮ್ರದ ಹೊದಿಕೆ ಬಂತು. ತಿರುಳು ಮಾತ್ರ ಸೀಸವಾಗಿಯೇ ಉಳಿಯಿತು.

ಕೆನೆತ್ ಆಂಡರ್ಸನ್ (1910–1974) ಹೆಸರನ್ನು ನೀವು ತೇಜಸ್ವಿಯವರ 'ಕಾಡಿನ ಕತೆಗಳು' ಮೂಲಕ ಓದಿರುತ್ತೀರಿ. 'ಮುನಿಶಾಮಿ ಮತ್ತು ಮಾಗಡಿ ಚಿರತೆ' ನಮ್ಮದೇ ಊರಿನ ಕತೆ. ಆತನ ಕೈಯಲ್ಲಿ ಇರುತ್ತಿದ್ದುದು .405 ವಿಂಚೆಸ್ಟರ್ ರೈಫಲ್, ಅದರ ಗುಂಡಿನ ತೂಕ ಸುಮಾರು 19 ಗ್ರಾಂ. ಇಂಥ ಸೀಸದ ತಿರುಳಿನ ಗುಂಡು ಮೂಳೆಗೆ ಬಡಿದಾಗ ಚೂರುಚೂರಾಗಿ ಮಾಂಸದ ತುಂಬ ಹರಡುತ್ತದೆ. ಬೇಟೆಗಾರನಿಗೆ ಸಿಗದೆ ಪೊದೆಯಲ್ಲಿ ಸತ್ತ ಪ್ರಾಣಿಯನ್ನು ತಿನ್ನಲು ಬರುವವರು ಯಾರು? ಹದ್ದು, ರಣಹದ್ದು.

ರಣಹದ್ದಿನ ಹೊಟ್ಟೆಯ ಆಮ್ಲ ಬಲು ಖಾರ, ಕೊಳೆತದ್ದನ್ನೂ ಅರಗಿಸುತ್ತದೆ. ಅದೇ ಆಮ್ಲ ಸೀಸವನ್ನೂ ಕರಗಿಸಿ ರಕ್ತಕ್ಕೆ ಸೇರಿಸುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ದೊಡ್ಡ ರಣಹದ್ದು 1982ರ ಹೊತ್ತಿಗೆ ಬರೀ 22 ಉಳಿದಿತ್ತು. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು, ಸಾಕಿ, ಮರಿ ಮಾಡಿಸಿ ಬಿಟ್ಟರು. ಬಿಟ್ಟವು ಮತ್ತೆ ಸೀಸದಿಂದಲೇ ಸಾಯತೊಡಗಿದವು. ಕೊನೆಗೆ ಆ ರಾಜ್ಯ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಲ್ಲಿಸಿತು.

ಅದರ ಜಾಗಕ್ಕೆ ಬಂದದ್ದು ಅಪ್ಪಟ ತಾಮ್ರದ ಗುಂಡು. ತಮಾಷೆಯೆಂದರೆ ಅದು ಹಕ್ಕಿಗಳಿಗಾಗಿ ಹುಟ್ಟಿದ್ದಲ್ಲ. ಬಾರ್ನ್ಸ್ ಕಂಪನಿ 1989ರಲ್ಲಿ ಅದನ್ನು ತಂದದ್ದು ದೊಡ್ಡ ಪ್ರಾಣಿಗೆ ಬಡಿದರೂ ಗುಂಡು ಒಡೆಯದಿರಲಿ ಎಂದು. ಬಡಿದಾಗ ಮೂತಿ ಹೂವಿನ ಎಸಳಿನಂತೆ ಅರಳುತ್ತದೆ, ಚೂರಾಗುವುದು ಕಡಿಮೆ.

ಆದರೆ ಅಲ್ಲಿ ತಮ್ಮ ತೋಟಾ ತಾವೇ ತುಂಬಿಕೊಳ್ಳುವವರಿಗೆ ಹೊಸ ತಲೆನೋವು ಶುರುವಾಯಿತು. ಸೀಸ ನೀರಿಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು ಭಾರ, ತಾಮ್ರ ಸುಮಾರು ಒಂಬತ್ತು ಪಟ್ಟು. ಹಾಗಾಗಿ ಅಷ್ಟೇ ತೂಕದ ತಾಮ್ರದ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡು ತೋಟಾದೊಳಗೆ ಮದ್ದಿನ ಜಾಗ ತಿನ್ನುತ್ತದೆ. ತಾಮ್ರ ಗಟ್ಟಿ ಲೋಹ ಬೇರೆ, ನಳಿಗೆಯ ಸುರುಳಿ ಗೆರೆಗಳಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಹಳೇ ಅಳತೆಯ ಮದ್ದನ್ನೇ ಹಾಕಿದರೆ ಒಳಗಿನ ಒತ್ತಡ ಮಿತಿ ಮೀರಬಹುದು. ಅದಕ್ಕೇ ಒಂದೊಂದು ಗುಂಡಿಗೂ ತಯಾರಕರು ಬೇರೆಯೇ ಅಳತೆಯ ಪಟ್ಟಿ ಕೊಡುತ್ತಾರೆ. ಪಟ್ಟಿಯಲ್ಲಿರುವ ಕಡಿಮೆ ಅಳತೆಯಿಂದ ಶುರು ಮಾಡಬೇಕು, ಅಂದಾಜು ನಡೆಯದು. ತಾತ ಗಜ ಇಳಿಬಿಟ್ಟು ನೋಡುತ್ತಿದ್ದುದಕ್ಕೂ ಇದಕ್ಕೂ ನಮಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ನಮ್ಮಲ್ಲಿ ಇದನ್ನು ಮನೆಯಲ್ಲಿ ಮಾಡುವ ಮಾತೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಬೇಟೆಗೆ 1972ರ ವನ್ಯಜೀವಿ ಕಾಯ್ದೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಪರವಾನಗಿ ಬೇಟೆಯನ್ನೂ ತೆಗೆದುಹಾಕಿತು. ಆದರೂ ಕಾಡಂಚಿನಲ್ಲಿ ಕಳ್ಳ ನಾಡಕೋವಿ ಇನ್ನೂ ಇವೆ, ಹಂದಿಗೆ ಇಡುವ ಸಿಡಿಮದ್ದೂ ಇದೆ. ಆ ಸಿಡಿಮದ್ದಿಗೆ ಹಸುವಿನ ಬಾಯಿ ಹೋಗುತ್ತದೆ, ಆನೆಯದೂ ಹೋಗುತ್ತದೆ. ಬೆಳೆ ಕಳೆದುಕೊಂಡ ರೈತನ ಸಿಟ್ಟು ನಮಗೆ ಅರ್ಥವಾಗುತ್ತದೆ. ಸಿಡಿಮದ್ದು ಅರ್ಥವಾಗುವುದಿಲ್ಲ.

ರಾಮದೇವರಬೆಟ್ಟದ ಮಾತಿಗೆ ಬಂದರೆ, 'ಶೋಲೆ' ಚಿತ್ರದ ಬಂಡೆಗಳೆಂದು ಜಗತ್ತಿಗೆ ಪರಿಚಯವಾದ ಆ ಜಾಗ 2012ರಲ್ಲಿ ರಣಹದ್ದು ಧಾಮವಾಯಿತು. ಉದ್ದ ಕೊಕ್ಕಿನ ರಣಹದ್ದುಗಳು ಈಗ ಅಲ್ಲಿ ಕೈಬೆರಳಲ್ಲಿ ಎಣಿಸುವಷ್ಟು. ಈ ದೇಶದ ರಣಹದ್ದುಗಳನ್ನು ಮುಗಿಸಿದ್ದು ಸೀಸದ ಗುಂಡಲ್ಲ, ದನಕ್ಕೆ ಚುಚ್ಚುತ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧಿ. 2004ರಲ್ಲಿ ಕಾರಣ ಬಯಲಾಯಿತು, 2006ರಲ್ಲಿ ದನಗಳಿಗೆ ಅದನ್ನು ನಿಷೇಧಿಸಿದರು. ಇನ್ನೆರಡು ಔಷಧಿಗಳು, ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್, ನಿಷೇಧವಾಗಲು 2023 ಬರಬೇಕಾಯಿತು. ಸತ್ತ ಹಸುವಿನಲ್ಲಿ ಔಷಧಿ, ಸತ್ತ ಜಿಂಕೆಯಲ್ಲಿ ಸೀಸ. ಹಕ್ಕಿಗೆ ಎರಡೂ ಬಾಯಿಂದಲೇ ಒಳಗೆ ಹೋಗುವುದು.

ಹೊರಡುವಾಗ ತಾತನನ್ನು ಕೇಳಿದೆವು, "ಈಗ ಆ ಕೋವಿ ಎಲ್ಲಿ?"

"ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಕೊಟ್ಟು, ಮುಗಿದ ಮೇಲೆ ತರ್ತಿದ್ದೆ. ಒಂದ್ಸಲ ತರೋಕೆ ಹೋಗ್ಲಿಲ್ಲ. ಲೈಸೆನ್ಸೂ ವಾಪಸ್ ಕೊಟ್ಬಿಟ್ಟೆ. ಮೊಮ್ಮಕ್ಳು ಮನೇಲಿ ಓಡಾಡೋ ಹಾಗಾದ್ವು ನೋಡಿ."