ನುಸಿಗುಳಿಗೆಯ ನೀಲಿ ಚರಿತ್ರೆ

ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆಯ ಮೂಲದ್ರವ್ಯವಾದ ನ್ಯಾಫ್ತಲೀನ್, ಎರಡು ಬೆಂಜೀನ್ ಉಂಗುರಗಳು ಬೆಸೆದುಕೊಂಡು ಆದ ಸಂಯುಕ್ತ. ಇಂತಹ ಹಲವು ಉಂಗುರಗಳಲ್ಲಿ ಇಂಗಾಲ ಮತ್ತು ಜಲಜನಕಗಳು ಕೂಡಿರುವ ಬಹುಚಕ್ರೀಯ ಆರೋಮ್ಯಾಟಿಕ್ ಹೈಡ್ರೋಕಾರ್ಬನ್‌ಗಳ ಕುಲದಲ್ಲಿ ಅತ್ಯಂತ ಸರಳವಾದುದು. ಬೀದಿದೀಪಗಳ ಅನಿಲಕ್ಕಾಗಿ ಇಂಗ್ಲೆಂಡಿನಲ್ಲಿ ಕಲ್ಲಿದ್ದಲನ್ನು ಕಾಯಿಸಿದಾಗ ಉಳಿಯುತ್ತಿದ್ದ ಡಾಂಬರಿನಲ್ಲಿ ಈ ಬಿಳಿಯ ಹರಳು ಕಾಣಿಸಿಕೊಂಡಿತು. 1821ರಲ್ಲಿ ಜಾನ್ ಕಿಡ್ ಅದಕ್ಕೆ ಹೆಸರಿಟ್ಟನು. ಅನಿಲದ ಕೊಳವೆಗಳಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತಿದ್ದ ಅದನ್ನು ಬಹುಕಾಲ ಉಪದ್ರವವೆಂದೇ ಎಣಿಸಲಾಗಿತ್ತು.

ಅದರ ಬೆಲೆ ತಿಳಿದುದು ನೀಲಿ ಬಣ್ಣದಿಂದ. ಜರ್ಮನಿಯ ಬಿಎಎಸ್‌ಎಫ್ ಕಂಪನಿಯ ರಸಾಯನಜ್ಞರು ಕೃತಕ ನೀಲಿಗೆ ಬೇಕಾದ ಥ್ಯಾಲಿಕ್ ಅನ್‌ಹೈಡ್ರೈಡನ್ನು ನ್ಯಾಫ್ತಲೀನಿನಿಂದ ಪಡೆಯಲು ಅದನ್ನು ಪ್ರಬಲ ಗಂಧಕಾಮ್ಲದೊಡನೆ ಕಾಯಿಸುತ್ತಿದ್ದರೂ ಕ್ರಿಯೆ ತೀರ ಮಂದವಾಗಿತ್ತು. ಒಮ್ಮೆ ಉಷ್ಣಮಾಪಕ ಒಡೆದು ಪಾದರಸ ಮಿಶ್ರಣಕ್ಕೆ ಬಿದ್ದೊಡನೆ ಅದು ಚುರುಕುಗೊಂಡಿತೆಂದು ಉದ್ಯಮದ ಚರಿತ್ರೆ ಹೇಳುತ್ತದೆ. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂದು, ಭಾರತದ ನೀಲಿ ಬೆಳೆಯ ವ್ಯಾಪಾರ ಕೆಲವೇ ವರ್ಷಗಳಲ್ಲಿ ಕುಸಿಯಿತು. ಬಿಹಾರದ ಚಂಪಾರಣ್ಯದಲ್ಲಿ ಬಲವಂತದಿಂದ ನೀಲಿ ಬೆಳೆಸುತ್ತಿದ್ದ ಬಿಳಿಯ ತೋಟಗಾರರು ತಮ್ಮ ನಷ್ಟವನ್ನು ರೈತರ ಮೇಲೆಯೇ ಹೇರಿ, ಆ ಕಟ್ಟುಪಾಡಿನಿಂದ ಬಿಡುಗಡೆ ನೀಡುವುದಕ್ಕೆ ಪ್ರತಿಯಾಗಿ ಗೇಣಿ ಏರಿಸಿದರು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋದಾಗ ರೈತರು ಹೇಳಿಕೊಂಡ ಗೋಳಿನಲ್ಲಿ ಇದೂ ಸೇರಿತ್ತು.

ಬಣ್ಣದ ಕಾರ್ಖಾನೆಗಳ ಒಳಗಿನ ಕಥೆ ಇನ್ನೂ ಕ್ರೂರವಾದುದು. ನ್ಯಾಫ್ತಲೀನಿನಿಂದ ತಯಾರಾಗುತ್ತಿದ್ದ 2-ನ್ಯಾಫ್ತೈಲಮೀನ್ ಎಂಬ ಮಧ್ಯವರ್ತಿ ರಾಸಾಯನಿಕವನ್ನು ನಿರ್ವಹಿಸಿದ ಕೆಲಸಗಾರರಿಗೆ, ಎಷ್ಟೋ ವರ್ಷಗಳ ತರುವಾಯ, ಮೂತ್ರಕೋಶದ ಕ್ಯಾನ್ಸರ್ ತಗಲುತ್ತಿತ್ತು. ಬಣ್ಣದ ಕೆಲಸಗಾರರಲ್ಲಿ ಇಂತಹ ಗಡ್ಡೆಗಳನ್ನು ಲುಡ್ವಿಗ್ ರೇನ್ 1895ರಲ್ಲಿಯೇ ವರದಿ ಮಾಡಿದ್ದರೂ, ಈ ವಸ್ತು ನಾಯಿಗಳಲ್ಲಿ ಅದೇ ರೋಗ ತರುವುದನ್ನು ವಿಲ್‌ಹೆಲ್ಮ್ ಹ್ಯೂಪರ್ ತೋರಿಸಿದುದು 1938ರಲ್ಲಿ. ಬ್ರಿಟನ್ ಕಾನೂನಿನಿಂದ ಅದನ್ನು ನಿಷೇಧಿಸಿದುದು 1967ರಲ್ಲಿ. ಇಷ್ಟು ದೀರ್ಘವಾದ ವಿಳಂಬಕ್ಕೆ ಅಜ್ಞಾನವೊಂದೇ ಕಾರಣವೆನ್ನಲಾಗದು.

ಇಂದು ನ್ಯಾಫ್ತಲೀನ್ ಪ್ಲಾಸ್ಟಿಕ್ಕನ್ನು ಮೃದುಗೊಳಿಸುವ ದ್ರವ್ಯಗಳಿಗೂ ಕಾಂಕ್ರೀಟಿಗೆ ಬೆರೆಸುವ ರಾಸಾಯನಿಕಗಳಿಗೂ ಹೋಗುತ್ತದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿಗೆ ಸೇರಿಸಿತು. 2008ರಲ್ಲಿ ಐರೋಪ್ಯ ಒಕ್ಕೂಟ ನ್ಯಾಫ್ತಲೀನ್ ಗುಳಿಗೆಗಳನ್ನು ನಿಷೇಧಿಸಿತು. ಮನೆಯೊಳಗಿನ ಅಪಾಯವಂತೂ ತಕ್ಷಣದ್ದು. ಗುಳಿಗೆ ಕರಗದೆ ನೇರವಾಗಿ ಆವಿಯಾಗುವ ಉತ್ಪತನದಿಂದ ಸವೆಯುತ್ತಾ ಬಟ್ಟೆಯಲ್ಲಿ ಸೇರಿಕೊಳ್ಳುತ್ತದೆ. ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಕಿಣ್ವದ ಕೊರತೆಯಿರುವ ನವಜಾತ ಶಿಶುವನ್ನು ಪೆಟ್ಟಿಗೆಯಿಂದ ತೆಗೆದ ದುಪಟಿಯಲ್ಲಿ ಒಗೆಯದೆ, ಗಾಳಿಗೆ ಹರವದೆ ಸುತ್ತಿದರೆ, ಆ ಕಣಗಳು ಒಡೆದು ಕಾಮಾಲೆ ಏರಿ ಮಿದುಳಿಗೂ ಹಾನಿಯಾಗಬಹುದು.