ಸಗರನಾಡಿನ ಮನೆ ನಿವೇಶನ ಮತ್ತು ಬಿಡುಜಾಗದ ನಿಯಮ: ಒಂದು ಚಾರಿತ್ರಿಕ ಪರಿಶೀಲನೆ

ಯಾದಗಿರಿ, ಶಹಾಪುರ ಹಾಗೂ ಸುರಪುರಗಳನ್ನು ಒಳಗೊಂಡ ಪ್ರದೇಶಕ್ಕೆ ಸಗರನಾಡು ಎಂಬ ಹೆಸರು ರೂಢಿಯಲ್ಲಿದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಇದು ‘ಸಗರ-300’ ಎಂಬ ಆಡಳಿತ ವಿಭಾಗವಾಗಿ ಕಾಣಿಸಿಕೊಳ್ಳುತ್ತದೆ. 1397ರಲ್ಲಿ ಬಹಮನಿ ಸಿಂಹಾಸನವನ್ನೇರಿದ ಫಿರೋಜ್ ಷಾ ಅದಕ್ಕೆ ಮುನ್ನ ಆಶ್ರಯ ಪಡೆದುದು ಶಹಾಪುರದ ಸಮೀಪದ ಸಗರದಲ್ಲಿ. 1705ರಲ್ಲಿ ಔರಂಗಜೇಬನ ಸೈನ್ಯವನ್ನು ವಾಗಿಣಗೇರಿಯಲ್ಲಿ ಎದುರಿಸಿದ ಬೇಡರ ನಾಯಕರು ಅನಂತರ ಸುರಪುರವನ್ನು ತಮ್ಮ ರಾಜಧಾನಿಯಾಗಿ ಬೆಳೆಸಿದರು. ಕೋಟೆ, ದೇವಾಲಯ, ದರ್ಗಾ ಮತ್ತು ಶಾಸನಗಳ ಮೂಲಕ ಈ ನಾಡಿನ ಚರಿತ್ರೆ ವಿದ್ವಾಂಸರ ಗಮನ ಸೆಳೆದಿದೆ. ಆದರೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ, ಮನೆಗೂ ಬೀದಿಗೂ ನಡುವೆ ಎಷ್ಟು ಜಾಗ ಬಿಡಬೇಕು, ಆ ಜಾಗ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಇಂದಿನ ಪೌರಾಡಳಿತದ ಭಾಷೆಯಲ್ಲಿ ‘ಸೆಟ್‌ಬ್ಯಾಕ್’ ಎಂದು ಕರೆಯಲಾಗುವ ಬಿಡುಜಾಗದ ನಿಯಮವನ್ನು ಆ ಚರಿತ್ರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾಚೀನ ವ್ಯವಸ್ಥೆ

ಮನೆಗಳ ನಡುವಣ ಅಂತರವನ್ನು ಕಾನೂನಿನಿಂದ ನಿಯಂತ್ರಿಸುವುದು ಆಧುನಿಕ ಕಾಲದ ಕಲ್ಪನೆಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಗೃಹವಾಸ್ತುವಿಗೆ ಸಂಬಂಧಿಸಿದ ವಿಧಿಗಳಿವೆ. ಎರಡು ಮನೆಗಳ ನಡುವೆ ಇಂತಿಷ್ಟು ಅಂತರವಿರಬೇಕು, ಚರಂಡಿಯನ್ನು ನೆರೆಯವನ ಗೋಡೆಯಿಂದ ದೂರದಲ್ಲಿ ತೋಡಬೇಕು, ಮಾಡಿನ ಅಂಚುಗಳ ನಡುವೆ ನಾಲ್ಕು ಅಂಗುಲ ಬಿಡಬೇಕು ಅಥವಾ ಒಂದರ ಮೇಲೊಂದು ಚಾಚಿಕೊಂಡಿರಬೇಕು ಎಂಬ ವಿಧಿಗಳೊಡನೆ ದಂಡದ ಪ್ರಮಾಣವನ್ನೂ ಅದು ಹೇಳುತ್ತದೆ. ಗ್ರಾಮ ಮತ್ತು ಹೊಲದ ಸೀಮೆಯ ವಿವಾದಕ್ಕೆ ಅನ್ವಯಿಸುವ ಕ್ರಮವೇ ಮನೆಗೂ ಮಳೆನೀರಿನ ಹರಿವಿಗೂ ಅನ್ವಯಿಸುತ್ತದೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದವನು. ಆತನ ನೆಲೆ ಕಲಬುರಗಿ ಜಿಲ್ಲೆಯ ಮರತೂರು ಎಂದು ವಿದ್ವಾಂಸರು ಗುರುತಿಸಿರುವುದರಿಂದ ಈ ಚಿಂತನೆ ಸಗರನಾಡಿಗೆ ದೂರದ್ದೇನಲ್ಲ. ಅದೇ ಕಾಲದ ಕನ್ನಡ ಶಾಸನಗಳಲ್ಲಿ ಮನೆಯ ನಿವೇಶನವನ್ನೋ ಅಂಗಡಿಯನ್ನೋ ದಾನವಾಗಿ ಬಿಡುವಾಗ ಅದರ ಅಗಲ ಮತ್ತು ನೀಳವನ್ನು ‘ಕೈ’ ಅಥವಾ ‘ಕೋಲು’ಗಳ ಅಳತೆಯಲ್ಲಿ ನಮೂದಿಸುವ ಪದ್ಧತಿಯಿತ್ತು.

ಈ ವಿಧಿಗಳ ಸ್ವರೂಪ ಗಮನಾರ್ಹವಾದುದು. ಇವು ನೀರು, ಹೊಲಸು, ಬೆಂಕಿ, ಕಿಟಕಿ, ದಾರಿ ಎಂಬ ನಿರ್ದಿಷ್ಟ ತೊಂದರೆಗಳನ್ನು ಹೆಸರಿಸಿ, ಆಯಾ ತೊಂದರೆ ತಪ್ಪುವಷ್ಟು ಅಂತರವನ್ನು ಮಾತ್ರ ಕೇಳುತ್ತವೆ. ನಿವೇಶನದ ನಾಲ್ಕೂ ಬದಿಗೆ ಒಂದೇ ರೀತಿಯ ಬಯಲು ಬಿಡಬೇಕೆಂಬ ಕಲ್ಪನೆ ಅಲ್ಲಿಲ್ಲ.

ಸಗರನಾಡಿನ ಮನೆಯ ವಿನ್ಯಾಸ

ಸಗರನಾಡಿನ ಹಳೆಯ ಊರುಗಳ ವಿನ್ಯಾಸವೂ ಇದಕ್ಕೆ ಹೊಂದಿಕೊಂಡೇ ಇದೆ. ಇಲ್ಲಿಯದು ಕಲ್ಲುಗೋಡೆಯ, ಮಣ್ಣಿನ ಮೇಲ್ಮುದ್ದೆಯ ಮಾಳಿಗೆ ಮನೆ. ಓಣಿಯ ಉದ್ದಕ್ಕೂ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎರಡು ಮನೆಗಳಿಗೆ ಒಂದೇ ಗೋಡೆಯಿದ್ದರೆ ಅದನ್ನು ಸಾಮಾಯಿಕ ಗೋಡೆ ಎನ್ನುತ್ತಾರೆ. ಬೀದಿಗೆ ತಾಗಿ ಕಟ್ಟೆ, ಅದರ ಹಿಂದೆ ತಲೆಬಾಗಿಲು, ದನ ಕಟ್ಟುವ ಜಾಗ, ಪಡಸಾಲೆ, ಒಳಮನೆ, ಎಲ್ಲಕ್ಕೂ ಹಿಂದೆ ಹಿತ್ತಲು, ಇದು ಸಾಮಾನ್ಯ ಕ್ರಮ. ಬೆಳಕು ಬರುವುದು ಪಕ್ಕದ ಗೋಡೆಯ ಕಿಟಕಿಯಿಂದಲ್ಲ, ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ದೊಡ್ಡ ವಾಡೆಗಳಲ್ಲಿ ನಡುವಿನ ಅಂಗಳವು ಬೆಳಕು ಗಾಳಿಗಳೆರಡನ್ನೂ ಒದಗಿಸುತ್ತದೆ.

ಬೇಸಿಗೆಯ ಬಿಸಿಲು ತೀವ್ರವಾಗಿರುವ ಈ ಬಯಲುಸೀಮೆಯಲ್ಲಿ ಮನೆಗಳು ಅಂಟಿಕೊಂಡಿರುವುದಕ್ಕೆ ಕಾರಣಗಳಿವೆ. ಗೋಡೆಗೆ ಗೋಡೆ ಸೇರಿದಾಗ ಬಿಸಿಲಿಗೆ ತೆರೆದುಕೊಳ್ಳುವ ಮೇಲ್ಮೈ ಕಡಿಮೆಯಾಗುತ್ತದೆ. ಓಣಿ ಕಿರಿದಾಗಿದ್ದರೆ ನೆರಳು ಉಳಿಯುತ್ತದೆ. ಹುಲ್ಲುಚಾವಣಿಯಂತೆ ಮಣ್ಣಿನ ಮಾಳಿಗೆ ಬೆಂಕಿಯನ್ನು ಮನೆಯಿಂದ ಮನೆಗೆ ದಾಟಿಸುವುದಿಲ್ಲ. ಕಲ್ಲಿನ ಗೋಡೆಯನ್ನು ಇಬ್ಬರು ಹಂಚಿಕೊಂಡರೆ ಕಟ್ಟುವ ಖರ್ಚೂ ಅರ್ಧವಾಗುತ್ತದೆ. ಬಿಡುಜಾಗ ಈ ಊರುಗಳಲ್ಲಿ ಇರಲಿಲ್ಲವೆನ್ನುವಂತಿಲ್ಲ. ಅದು ಮನೆಯ ಸುತ್ತ ಇರದೆ ಮನೆಯ ಒಳಗೆ ಅಂಗಳವಾಗಿ, ಹಿಂದೆ ಹಿತ್ತಲಾಗಿ, ಮುಂದೆ ಕಟ್ಟೆಯಾಗಿ, ಊರಿನ ಅಂಚಿನಲ್ಲಿ ಕಣ ಮತ್ತು ತಿಪ್ಪೆಯ ಜಾಗವಾಗಿ ಇತ್ತು.

ಬಂಗಲೆ ಮತ್ತು ಪ್ಲೇಗು

ಮನೆಯನ್ನು ನಿವೇಶನದ ನಡುವೆ ನಿಲ್ಲಿಸಿ ಸುತ್ತಲೂ ಬಯಲು ಬಿಡುವ ಮಾದರಿಯು ಬಂಗಲೆಯದು. ಸುರಪುರದಲ್ಲಿ ಇದಕ್ಕೆ ಪ್ರಸಿದ್ಧ ಉದಾಹರಣೆಯಿದೆ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತದೊಡನೆ ಸಂಬಂಧ ಹೊಂದಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಗುಡ್ಡದ ಮೇಲೆ ಕಟ್ಟಿಸಿದ ‘ಟೇಲರ್ ಮಂಜಿಲ್’ ಊರಿನ ಓಣಿಗಳಿಂದ ಪ್ರತ್ಯೇಕವಾಗಿ ನಿಂತಿದೆ. ಕೆಳಗಿನ ಊರಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಮೇಲೆ ಸುತ್ತಲೂ ತೆರೆದ ಬಂಗಲೆ, ಹೀಗೆ ನಿವೇಶನದ ಎರಡು ಕಲ್ಪನೆಗಳು ಒಂದೇ ಊರಿನಲ್ಲಿ ಎದುರುಬದುರಾಗಿ ಕಾಣುತ್ತವೆ.

ಬಂಗಲೆಯ ಈ ಮಾದರಿಯು ನಿಯಮದ ರೂಪ ತಳೆಯಲು ಪ್ಲೇಗು ಮುಖ್ಯ ಕಾರಣವಾಯಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗಿನ ಪರಿಣಾಮವಾಗಿ 1898ರಲ್ಲಿ ಅಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ಕೋಣೆಯೊಳಗೆ ಆಕಾಶದ ಬೆಳಕು ಬೀಳುವಂತೆ ಎದುರು ಕಟ್ಟಡದ ಎತ್ತರವನ್ನು 63½ ಡಿಗ್ರಿ ಕೋನದೊಳಗೆ ಮಿತಿಗೊಳಿಸಬೇಕೆಂಬ ನಿಯಮ ಅಲ್ಲಿ ಚರ್ಚೆಗೂ ಬಳಕೆಗೂ ಬಂದಿತು. ಕಟ್ಟಡ ಎತ್ತರವಾದಷ್ಟೂ ಬಿಡುಜಾಗ ಹೆಚ್ಚಬೇಕೆಂಬ ತತ್ವದ ಮೂಲ ಇಲ್ಲಿದೆ. 1915ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಭಾರತದ ಮೊದಲ ನಗರ ಯೋಜನಾ ಕಾಯಿದೆ ಜಾರಿಗೆ ಬಂದಿತು.

ನೆರೆಯ ವಿಜಾಪುರ ಮುಂಬಯಿ ಪ್ರಾಂತ್ಯದಲ್ಲಿದ್ದರೆ, ಸಗರನಾಡು ನಿಜಾಮರ ರಾಜ್ಯದಲ್ಲಿತ್ತು. 1858ರ ಬಂಡಾಯದ ಬಳಿಕ ಸುರಪುರವೂ 1860ರಲ್ಲಿ ನಿಜಾಮರಿಗೆ ಸೇರಿತು. ನಿಜಾಮರ ರಾಜ್ಯದಲ್ಲಿ ಯೋಜನೆಯ ಗಮನವೆಲ್ಲ ರಾಜಧಾನಿಯ ಮೇಲಿತ್ತು. 1908ರ ಮೂಸಿ ನದಿಯ ಪ್ರವಾಹದ ನಂತರ 1912ರಲ್ಲಿ ಹೈದರಾಬಾದಿನಲ್ಲಿ ನಗರ ಸುಧಾರಣಾ ಮಂಡಳಿ ರಚನೆಯಾಯಿತು. ದೂರದ ತಾಲ್ಲೂಕು ಕೇಂದ್ರಗಳಲ್ಲಿ ಮನೆ ಕಟ್ಟುವ ಕ್ರಮವನ್ನು ನಿರ್ಣಯಿಸುತ್ತಿದ್ದುದು ಚಕ್ಕುಬಂದಿಯ ಬರಹ, ನೆರೆಹೊರೆಯ ಒಪ್ಪಿಗೆ ಮತ್ತು ಊರಿನ ಹಿರಿಯರ ತೀರ್ಮಾನ.

ಏಕೀಕರಣೋತ್ತರ ಕಾನೂನು

1951ರ ಹೈದರಾಬಾದ್ ಪುರಸಭೆ ಮತ್ತು ಪಟ್ಟಣ ಸಮಿತಿ ಕಾಯಿದೆ, 1956ರ ಹೈದರಾಬಾದ್ ಜಿಲ್ಲಾ ಪುರಸಭೆಗಳ ಕಾಯಿದೆಗಳ ನಂತರ, ಏಕೀಕೃತ ರಾಜ್ಯಕ್ಕೆ 1964ರ ಪುರಸಭೆಗಳ ಅಧಿನಿಯಮ ಬಂದಿತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವು 1965ರಲ್ಲಿ ಜಾರಿಗೆ ಬಂದು, ಭೂಮಿಯನ್ನು ವಾಸ, ವಾಣಿಜ್ಯ, ಕೈಗಾರಿಕೆ ಮುಂತಾದ ವಲಯಗಳಾಗಿ ವಿಂಗಡಿಸಿ ಪ್ರತಿ ವಲಯಕ್ಕೂ ಬಿಡುಜಾಗವನ್ನು ನಿಗದಿಪಡಿಸುವ ವ್ಯವಸ್ಥೆಗೆ ಆಧಾರವಾಯಿತು. 1970ರಲ್ಲಿ ಮೊದಲು ಪ್ರಕಟವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಮುಂಭಾಗದ ಬಿಡುಜಾಗವನ್ನು ರಸ್ತೆಯ ಅಗಲಕ್ಕೆ ಹೊಂದಿಸಿತು. ರಸ್ತೆ 7.5 ಮೀಟರಿನೊಳಗಿದ್ದರೆ 1.5 ಮೀಟರ್, 18 ಮೀಟರಿನವರೆಗೆ 3 ಮೀಟರ್, 30 ಮೀಟರಿನವರೆಗೆ 4.5 ಮೀಟರ್, ಅದಕ್ಕಿಂತ ಅಗಲವಾಗಿದ್ದರೆ 6 ಮೀಟರ್ ಎಂಬುದು ಅದರ ಮಾದರಿ. ಹೆದ್ದಾರಿಗಳ ಅಂಚಿಗೆ 1964ರ ಹೆದ್ದಾರಿ ಅಧಿನಿಯಮ ಪ್ರತ್ಯೇಕ ಕಟ್ಟಡ ರೇಖೆಗೆ ಅವಕಾಶ ಮಾಡಿತು.

ಇದೇ ಅವಧಿಯಲ್ಲಿ ಸಗರನಾಡಿನ ಪಟ್ಟಣಗಳ ಸ್ವರೂಪವೂ ಬದಲಾಯಿತು. 1871ರಲ್ಲಿ ಮುಂಬಯಿ ಮತ್ತು ಮದರಾಸುಗಳನ್ನು ರಾಯಚೂರಿನಲ್ಲಿ ಕೂಡಿಸಿದ ರೈಲುಮಾರ್ಗ ಯಾದಗಿರಿಯನ್ನು ಹಾದುಹೋಗುತ್ತದೆ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಜಲಾಶಯದ ಕಾಲುವೆಗಳು ಶಹಾಪುರ, ಸುರಪುರಗಳಿಗೆ ನೀರಾವರಿ ತಂದವು. ಭತ್ತ, ಹತ್ತಿಗಳ ವ್ಯಾಪಾರದೊಡನೆ ರಸ್ತೆಬದಿಯ ಹೊಲಗಳು ನಿವೇಶನಗಳಾದವು. 2010ರಲ್ಲಿ ಯಾದಗಿರಿ ಜಿಲ್ಲೆಯಾದ ಮೇಲೆ ಈ ಪ್ರಕ್ರಿಯೆಗೆ ಹೊಸ ಕಾರಣ ಸೇರಿತು. ವಾಣಿಜ್ಯ ನಿವೇಶನದಲ್ಲಿ ನಿಯಮ ಮತ್ತು ರೂಢಿಗಳ ಘರ್ಷಣೆ ಇನ್ನೂ ಹೆಚ್ಚು. ಹಳೆಯ ಪೇಟೆಯಲ್ಲಿ ಅಂಗಡಿ ಬೀದಿಗೆ ತಾಗಿರುತ್ತದೆ, ಹಿಂದೆ ಅಥವಾ ಮೇಲೆ ಅಂಗಡಿಕಾರನ ಮನೆಯಿರುತ್ತದೆ. ವಲಯ ನಿಯಮವು ವಾಸ ಮತ್ತು ವ್ಯಾಪಾರಗಳನ್ನು ಬೇರ್ಪಡಿಸಿ, ಅಂಗಡಿಯನ್ನು ಬೀದಿಯಿಂದ ಹಿಂದಕ್ಕೆ ಸರಿಸುತ್ತದೆ. ಹಾಗೆ ಬಿಟ್ಟ ಜಾಗವು ವಾಹನ ನಿಲುಗಡೆಗೆ ಸಿಗದೆ ತಗಡಿನ ಚಪ್ಪರವಾಗುವುದು ಸಾಮಾನ್ಯ ನೋಟ.

ಒಂದು ಮೀಟರಿನ ಲೆಕ್ಕ

ನಿಯಮದ ಭಾರ ಎಲ್ಲರ ಮೇಲೂ ಸಮವಾಗಿ ಬೀಳುವುದಿಲ್ಲ. 12×18 ಮೀಟರಿನ, ಅಂದರೆ ಸುಮಾರು 40×60 ಅಡಿಯ ನಿವೇಶನದಲ್ಲಿ ಸುತ್ತಲೂ ಒಂದು ಮೀಟರ್ ಬಿಟ್ಟರೆ 216 ಚದರ ಮೀಟರಿನಲ್ಲಿ 160 ಉಳಿಯುತ್ತದೆ. ಎಂದರೆ ನಷ್ಟ ನಾಲ್ಕನೆಯ ಒಂದು ಭಾಗ. 6×9 ಮೀಟರಿನ, ಅಂದರೆ ಸುಮಾರು 20×30 ಅಡಿಯ ನಿವೇಶನದಲ್ಲಿ ಅದೇ ಒಂದು ಮೀಟರ್ ಬಿಟ್ಟರೆ 54ರಲ್ಲಿ ಉಳಿಯುವುದು 28. ಹೆಚ್ಚುಕಡಿಮೆ ಅರ್ಧ ನಿವೇಶನವೇ ಹೋಗುತ್ತದೆ. ಎರಡು ಎತ್ತರದ ಗೋಡೆಗಳ ನಡುವಣ ಆ ಕಿರಿದಾದ ಸಂದಿಯಿಂದ ಬೆಳಕೂ ಬಾರದು, ಅದು ಹಿತ್ತಲಿನಂತೆ ಬಳಕೆಗೂ ಒದಗದು. ಇಂಥ ನಿವೇಶನದವರು ನಿಯಮ ಮೀರುವುದು ಕೇವಲ ಅಶಿಸ್ತಿನ ಫಲವೆನ್ನಲಾಗದು.

2007ರಲ್ಲಿ ಯೋಜನಾ ಅಧಿನಿಯಮಕ್ಕೆ 76-ಎಫ್‌ಎಫ್ ಪ್ರಕರಣವನ್ನು ಸೇರಿಸಿ ‘ಅಕ್ರಮ-ಸಕ್ರಮ’ ಎಂದು ಜನಜನಿತವಾದ ಯೋಜನೆಯನ್ನು ರೂಪಿಸಲಾಯಿತು. ವಾಸದ ಕಟ್ಟಡಗಳಲ್ಲಿ ಶೇ. 50ರವರೆಗೆ, ವಾಸೇತರ ಕಟ್ಟಡಗಳಲ್ಲಿ ಶೇ. 25ರವರೆಗೆ ಬಿಡುಜಾಗದ ಉಲ್ಲಂಘನೆಯನ್ನು ಶುಲ್ಕ ಪಡೆದು ಮನ್ನಿಸುವುದು ಅದರ ಸಾರ. 2016ರ ಡಿಸೆಂಬರ್‌ನಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಕಾಲ ಕಳೆದ ಮಾತ್ರಕ್ಕೆ ಅನಧಿಕೃತ ಕಟ್ಟಡ ಸಕ್ರಮವಾಗದೆಂದೂ, ಸ್ವಾಧೀನ ಪ್ರಮಾಣಪತ್ರವಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದೂ 2024ರ ಡಿಸೆಂಬರ್‌ನಲ್ಲಿ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಹೇಳಿತು. ಹೀಗಾಗಿ ಬಿಡುಜಾಗವು ಕೇವಲ ನಕ್ಷೆಯ ವಿಷಯವಾಗಿ ಉಳಿಯದೆ ಮನೆಯ ದೀಪ ಮತ್ತು ನೀರಿನ ವಿಷಯವೂ ಆಗಿದೆ.

ಉಪಸಂಹಾರ

ಬೆಳಕು, ಗಾಳಿ, ಅಗ್ನಿಸುರಕ್ಷೆ, ಚರಂಡಿ, ದಾರಿ ಎಂಬ ಉದ್ದೇಶಗಳನ್ನು ಯಾರೂ ಅಲ್ಲಗಳೆಯಲಾರರು. ಸ್ಮೃತಿಕಾರರಿಂದ ಇಂದಿನ ಉಪವಿಧಿಗಳವರೆಗೆ ಅವು ಬದಲಾಗಿಲ್ಲ. ಬದಲಾದುದು ಅವುಗಳನ್ನು ಸಾಧಿಸುವ ವಿಧಾನ. ಬಂಗಲೆಯ ಮಾದರಿಯಿಂದ ಹುಟ್ಟಿ, ಹೊಸ ಬಡಾವಣೆಗೆಂದು ರೂಪುಗೊಂಡ ಅಳತೆಯನ್ನು ಸಾಮಾಯಿಕ ಗೋಡೆಯ ಹಳೆಯ ಊರಿಗೂ ಅನ್ವಯಿಸಿದಾಗ ಶತಮಾನಗಳ ವಸತಿಕ್ರಮವೇ ಉಲ್ಲಂಘನೆಯಂತೆ ತೋರುತ್ತದೆ. ಮನೆ ಬಿದ್ದು ಮತ್ತೆ ಕಟ್ಟಲು ಪರವಾನಗಿ ಕೇಳುವ ದಿನ ಆ ತೊಡಕು ಎದುರಾಗುತ್ತದೆ. ಎತ್ತರದ ಹೊಸ ಕಟ್ಟಡಕ್ಕೆ ಎತ್ತರಕ್ಕೆ ತಕ್ಕ ಬಿಡುಜಾಗ, ಹಳೆಯ ಊರಿನ ಸಣ್ಣ ನಿವೇಶನಕ್ಕೆ ಸಾಮಾಯಿಕ ಗೋಡೆಯನ್ನು ಒಪ್ಪಿ ಒಳಗಿನ ಅಂಗಳ ಹಾಗೂ ಹಿತ್ತಲನ್ನೇ ಬಿಡುಜಾಗವೆಂದು ಎಣಿಸುವ ಕ್ರಮ, ಹೀಗೆ ಎರಡು ಬಗೆಯ ನಿಯಮಗಳಿರುವುದು ಯುಕ್ತ.

2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯು ಗ್ರಾಮಠಾಣಾದ ಆಸ್ತಿಗಳನ್ನು ಡ್ರೋನ್ ಮೂಲಕ ಅಳೆದು ದಾಖಲಿಸುವ ಗುರಿ ಹೊಂದಿದೆ. ಅಂಥ ದಾಖಲೆಯಲ್ಲಿ ಗೋಡೆಗಳಷ್ಟೇ ಅಲ್ಲದೆ ಕಟ್ಟೆ, ಅಂಗಳ, ಹಿತ್ತಲುಗಳೂ ತಮ್ಮ ಹೆಸರಿನಿಂದ ನಮೂದಾದರೆ ಮುಂದಿನ ನಿಯಮಕರ್ತರಿಗೂ ಸಂಶೋಧಕರಿಗೂ ಸಗರನಾಡಿನ ಬಿಡುಜಾಗದ ನಿಜವಾದ ಲೆಕ್ಕ ದೊರೆತೀತು.